ಅಳಿಯನನ್ನು ಬಾಣಲೆಗೆ ಹಾಕಿದವರು

ಅಮು ನದಿಯ ದಂಡೆಯ ತುರ್ತ್‌ಕುಲ್ ಸೀಮೆಯಲ್ಲಿ ಕಲ್ಲಿಗುಲ್ ಎಂದರೆ ಎಷ್ಟೋ ಜನಕ್ಕೆ ಥಟ್ಟನೆ ಗೊತ್ತಾಗುವುದಿಲ್ಲ. ‘ಅತಿಥಿಯ ಮುಂದಿನ ಬೋಗುಣಿ ಕಿತ್ತುಕೊಂಡು ಓಡಿದವಳು’ ಎನ್ನಿ, ಸಂತೆಯಲ್ಲಿ ಕಲ್ಲಂಗಡಿ ಮಾರುವವನೂ ಕತ್ತೆತ್ತಿ ಹುಬ್ಬು ಹಾರಿಸುತ್ತಾನೆ. ಹೊಸದಾಗಿ ಬಂದ ಸೊಸೆ ನೆಂಟರಿಗೆ ಚಹಾ ಕೊಡುವಾಗ ಕೈ ಸ್ವಲ್ಪ ಹಿಂದೆಗೆದರೆ ಸಾಕು, ‘ನೀನೂ ಬೋಗುಣಿ ಕಿತ್ಕೊಳ್ಳೋ ಪೈಕಿಯೇನೇ?’ ಎಂದು ಅತ್ತೆ ಕುಟುಕುತ್ತಾಳೆ. ಆ ಬೋಗುಣಿಯಲ್ಲಿ ಏನಿತ್ತು, ಅದನ್ನು ಅಲ್ಲಿಗೆ ತಂದಿಟ್ಟ ಮಹಾನುಭಾವರು ಯಾರು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಬೇಕಾದ್ದನ್ನು ಕೇಳದೆ ಬಿಡುವುದರಲ್ಲಿ ನಮ್ಮ ಜನ ಯಾವತ್ತೂ ಮುಂದು. ಹೊಟ್ಟೆ ಉರಿಯುತ್ತದೆ, ಅದಕ್ಕೇ ಹೇಳಬೇಕಾಗಿದೆ.

ಕಲ್ಲಿಗುಲ್ ಹುಟ್ಟಿದ್ದು ಕೆಳಗೆ, ಅಮು ನದಿ ಸಮುದ್ರ ಸೇರುತ್ತಿದ್ದ ಕಡೆ, ಮುಯ್ತೆನ್ ಕುಲದಲ್ಲಿ. ಆ ಸೀಮೆಯ ಕರಕಲ್ಪಾಕ ಜನರಲ್ಲಿ ಮುಯ್ತೆನರೆಂದರೆ ಮೀನಿನವರು; ಅವರ ಮಕ್ಕಳು ನಡೆಯುವುದಕ್ಕೆ ಮೊದಲೇ ಬಲೆಯ ಗಂಟು ಬಿಡಿಸುತ್ತಿದ್ದರು. ಅವಳ ಅಪ್ಪ ಕಲ್ಮುರಾತನ ದೋಣಿಗೆ ದಡದಲ್ಲಿ ಹೆಸರಿತ್ತು. ಅವಳಿಗೆ ಬುದ್ಧಿ ಬರುವ ಹೊತ್ತಿಗೆ ಸಮುದ್ರ ಹಿಂದೆ ಸರಿದಿತ್ತು. ಸರಿಯಿತು ಅಂತ ಎಲ್ಲರೂ ಹೇಳುತ್ತಾರೆ. ಸರಿಯುವುದಕ್ಕೆ ಅದಕ್ಕೇನು ಕಾಲಿತ್ತೇ? ಮೇಲಿನವರು ಹತ್ತಿ ಬೆಳೆಯಬೇಕೆಂದು ನೀರನ್ನೆಲ್ಲ ಕಾಲುವೆಗೆ ಎಳೆದುಕೊಂಡರು, ಸಮುದ್ರ ಸತ್ತಿತು, ಅಷ್ಟೇ. ಆಮೇಲೆ ಕಲ್ಮುರಾತ್, ಹುಟ್ಟು ಮೀನುಗಾರ, ಎಲ್ಲಿಂದಲೋ ರೈಲಿನಲ್ಲಿ ಹೆಪ್ಪುಗಟ್ಟಿ ಬಂದ ಮೀನನ್ನು ಡಬ್ಬಿಗೆ ತುಂಬುವ ಕೂಲಿಯಾದ. ಮಗಳನ್ನು ಮೇಲಿನ ದಂಡೆಗೆ, ಕಿಪ್ಚಾಕ್ ಕುಲದ ಓತೆನಿಯಾಜನಿಗೆ ಕೊಟ್ಟ. ಓತೆನಿಯಾಜನಿಗೆ ದೊಡ್ಡ ಕಾಲುವೆಯ ಪಂಪ್‌ಮನೆಯಲ್ಲಿ ಕೆಲಸ. ಸಮುದ್ರ ಕುಡಿದವರ ಮನೆಗೇ ನನ್ನನ್ನ ಕೊಟ್ಟರು ಎಂದು ಅವಳು ಗಂಡನನ್ನು ಹಂಗಿಸದ ದಿನವಿಲ್ಲ. ‘ನಾನು ಬರೀ ಗುಂಡಿ ಒತ್ತೋನು ಕಣೇ, ಕುಡಿದೋರು ಬೇರೆ’ ಎಂದು ಅವನು ಚಹಾ ಹೀರುತ್ತಿದ್ದ.

ಮಕ್ಕಳು ದೊಡ್ಡವರಾದ ಮೇಲೆ ಕಲ್ಲಿಗುಲ್ ನದಿದಂಡೆಯ ಮೀನುಮರಿ ಕೇಂದ್ರಕ್ಕೆ ಸೇರಿದಳು. ಅವಳ ಹುದ್ದೆಗೆ ಕಾಗದದಲ್ಲಿ ಉದ್ದುದ್ದ ಹೆಸರೇನೋ ಇತ್ತು. ಕೆಲಸ ಮಾತ್ರ ತೊಟ್ಟಿ ತೊಳೆಯುವುದು, ಮೀನಿಗೆ ಮೇವು ಹಾಕುವುದು. ಆ ಕೇಂದ್ರವಿದ್ದದ್ದೇ ಸಲಿಕೆಮೂತಿ ಮೀನಿಗಾಗಿ. ಅದನ್ನು ಮೊದಲ ಸಲ ಕಂಡವರು ನಕ್ಕುಬಿಡುತ್ತಾರೆ. ಒಲೆಯ ಬೂದಿ ತೆಗೆಯುವ ಸಲಿಕೆಯ ಹಾಗೆ ಚಪ್ಪಟೆ ಮೂತಿ, ಸಾಸಿವೆ ಕಾಳಿನಷ್ಟು ಕಣ್ಣು, ಬೆನ್ನ ಮೇಲೆ ಮೂಳೆಯ ಬಿಲ್ಲೆಗಳ ಸಾಲು, ಬಾಲದ ತುದಿಗೊಂದು ದಾರದಂಥ ಎಳೆ. ಅಮುವಿನ ನೀರು ವರ್ಷವಿಡೀ ಕೆಸರು, ಅಲ್ಲಿ ಕಣ್ಣು ಯಾರಿಗೆ ಬೇಕು? ಮೀಸೆಯಲ್ಲಿ ತಡವುತ್ತ ತಳದಲ್ಲೇ ಓಡಾಡಿಕೊಂಡಿರುತ್ತದೆ. ಎರಡು ಮರಳುಗಾಡುಗಳ ನಡುವೆ ಹರಿಯುವ ಈ ನದಿಯನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ. ಇಲ್ಲೂ ಈಗ ಬಲೆಗೆ ಒಂದು ಬಿತ್ತೆಂದರೆ ಊರಿಗೆ ಊರೇ ನೋಡಲು ಬರುತ್ತದೆ.

ಕೇಂದ್ರದ ಸಾಹೇಬ ಮತ್ಯಾಕುಬ್ ಎದುರು ದಂಡೆಯ ಖೋರೆಜ್ಮಿನವನು. ಕೆಟ್ಟ ಮನುಷ್ಯನೇನಲ್ಲ. ಹಬ್ಬಕ್ಕೆ ಕೆಲಸದವರಿಗೆಲ್ಲ ಮಾಂಸ ಹಂಚುತ್ತಿದ್ದ, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುತ್ತಿದ್ದ. ಅವನ ಚಾಳಿ ಒಂದೇ, ಕ್ಯಾಮೆರಾ ಕಂಡರೆ ಎದೆ ಉಬ್ಬಿಸುವುದು. ಪ್ರತಿ ವಸಂತದಲ್ಲೂ ಕೊಳದ ಹೆಣ್ಣಿಗೆ ಕೊಳದ ಗಂಡನ್ನು ಕೂಡಿಸಿ ಸಾವಿರಾರು ಮರಿ ಮಾಡಿಸುತ್ತಿದ್ದ. ಟಿವಿಯವರನ್ನು ಕರೆಸಿ ಬಕೆಟ್‌ಗಟ್ಟಲೆ ಮರಿಗಳನ್ನು ನದಿಗೆ ಸುರಿಯುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು. ಆ ಚಪ್ಪಾಳೆಗೆ ಮುಂಚೆ ತೊಟ್ಟಿಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಯಾವ ಟಿವಿಯೂ ತೋರಿಸಲಿಲ್ಲ. ಬೆನ್ನು ಸೊಟ್ಟಗಾದ ಮರಿಗಳು, ಒಂದೇ ಕಣ್ಣಿನವು, ಬಾಯಿಯೇ ತೆರೆಯಲಾಗದವು. ಬೆಳಿಗ್ಗೆ ಬಂದರೆ ಸತ್ತ ಮರಿಗಳು ಅಕ್ಕಿ ತೊಳೆದ ನೀರಿನಂತೆ ತೇಲುತ್ತಿದ್ದವು, ಕಲ್ಲಿಗುಲ್ ಜಾಲರಿಯಲ್ಲಿ ಬಳಿಬಳಿದು ಹೊರಗೆ ಹಾಕುತ್ತಿದ್ದಳು. ಯಾರದೋ ಕೆಟ್ಟ ದೃಷ್ಟಿ ತಾಗಿದೆ ಎಂದುಕೊಂಡು ಒಣಗಿದ ಅದ್ರಸ್ಪಾನ್ ಗಿಡ ಸುಟ್ಟು ತೊಟ್ಟಿ ತೊಟ್ಟಿಗೂ ಹೊಗೆ ಹಾಕಿದಳು. ಮರಿಗಳು ಕೆಮ್ಮಲಿಲ್ಲ, ಕಾವಲುಗಾರ ಕೆಮ್ಮಿದ. ಸಾವೇನೂ ನಿಲ್ಲಲಿಲ್ಲ.

ಆಗ ಬಂದವಳು ಸ್ವೆತ್ಲಾನಾ ಖೆಗಾಯ್. ಕೊರಿಯಾದ ವಂಶ, ಮೂರು ತಲೆಮಾರಿನಿಂದ ನೂಕುಸ್ ಪಟ್ಟಣದಲ್ಲಿ ಮನೆ, ಮೀನಿನ ವಿದ್ಯೆ ಓದಿದ ಹುಡುಗಿ. ಕೊಳದ ಮೀನುಗಳ ಈಜುರೆಕ್ಕೆಯಿಂದ ಉಗುರಿನಷ್ಟು ಚೂರು ಕತ್ತರಿಸಿ ಪುಟ್ಟ ಸೀಸೆಗಳಲ್ಲಿ ತುಂಬಿ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದಳು. ಉತ್ತರ ಬಂದ ದಿನ ನೇರ ತೊಟ್ಟಿಮನೆಗೆ ಬಂದು, ಕೈಯಲ್ಲಿ ಜಾಲರಿ ಹಿಡಿದು ನಿಂತಿದ್ದ ಕಲ್ಲಿಗುಲ್‌ಗೆ ಅಕ್ಕಾ ಎನ್ನುವಂತೆ ‘ಆಪಾ’ ಎಂದು ಕರೆದು ಒಂದು ಪ್ರಶ್ನೆ ಹಾಕಿದಳು.

‘ಆಪಾ, ನಿಮ್ಮ ಏಳು ಅಪ್ಪಂದಿರ ಹೆಸರು ಹೇಳಿ ನೋಡೋಣ.’

ಏಳು ಅಪ್ಪಂದಿರೆಂದರೆ ಅಪ್ಪನಿಂದ ಮೇಲಕ್ಕೆ ಏಳು ತಲೆ; ಕರಕಲ್ಪಾಕರ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದನ್ನು ಹೇಳುತ್ತದೆ. ಕಲ್ಲಿಗುಲ್ ಒಂದೇ ಉಸಿರಿಗೆ ಹೇಳಿದಳು: ‘ಕಲ್ಮುರಾತ್, ಎಸ್ಬೆರ್ಗೆನ್, ಶಾನಿಯಾಜ್, ಬೈಮುರಾತ್, ತೋರೆಶ್, ಕುಲ್ಬಾಯ್, ಅಲ್ಲಾಶುಕುರ್. ಯಾಕೆ ಮಗಳೇ, ನನಗೇನಾದ್ರೂ ಗಂಡು ನೋಡಿದೀಯಾ?’

‘ಗಂಡಿನ ಕಡೆಯೂ ಇದರಲ್ಲಿ ಒಂದು ಹೆಸರಿದ್ರೆ?’

‘ಥೂ! ಒಂದು ಸೇರಿದ್ರೂ ಅಣ್ಣ-ತಂಗಿ ಲೆಕ್ಕ. ಅಂಥ ಮದುವೆ ಮಾತೆತ್ತಿದ ಮನೆಯಲ್ಲಿ ನಾವು ನೀರೂ ಮುಟ್ಟಲ್ಲ.’

‘ಹಾಗಾದ್ರೆ ಕೇಳಿ. ಈ ಕೊಳದಲ್ಲಿರೋವಕ್ಕೆ ಏಳನೇ ಅಪ್ಪನ ತನಕ ಹೋಗೋದೇ ಬೇಡ. ಮೊದಲನೇ ಅಪ್ಪನೇ ಒಬ್ಬ. ಅಮ್ಮನೂ ಒಬ್ಬಳೇ. ಎಲ್ಲಾ ಒಂದೇ ಬಸಿರಿನವು.’

ನಿಜವೇ. ಎಷ್ಟೋ ವರ್ಷದ ಹಿಂದೆ ಒಂದು ಬಲೆಗೆ ಸಿಕ್ಕಿದ ಒಂದು ಜೋಡಿಯ ಮಕ್ಕಳೇ ಅವೆಲ್ಲ. ಹೆತ್ತ ಜೋಡಿ ಯಾವತ್ತೋ ಸತ್ತುಹೋಗಿತ್ತು. ಕಲ್ಲಿಗುಲ್‌ಗೂ ಅದು ಗೊತ್ತಿತ್ತು, ಆದರೆ ಮೀನಿಗೂ ಅಪ್ಪ, ಅಮ್ಮ, ಕುಲ ಎಂದು ಇರುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ. ಈಗ ಯೋಚಿಸಿದವಳೇ ಜಾಲರಿ ಕೆಳಗೆ ಬಿಟ್ಟಳು. ಮುಖ ಕೆಂಪಗಾಯಿತು.

‘ಅಯ್ಯೋ ನನ್ನ ಕರ್ಮವೇ! ಅಂದ್ರೆ ಇಷ್ಟು ವರ್ಷ ನಾನು ಅಣ್ಣ-ತಂಗಿ ಮದುವೆಗೆ ಚಪ್ಪರ ಹಾಕ್ತಿದ್ದೆನಾ? ಈ ಕೈಯಲ್ಲೇ?’

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮತ್ಯಾಕುಬ್ ನಕ್ಕ. ‘ಇದೇನು ಇಷ್ಟೊಂದು ರಂಪ? ನಾನು ಚಿಕ್ಕಪ್ಪನ ಮಗಳನ್ನೇ ಮಾಡ್ಕೊಂಡಿರೋದು. ನಮ್ಮ ಕಡೆ ಹಾಗೇನೇ. ಮಕ್ಕಳು ನೋಡು, ಕಲ್ಲುಗುಂಡು ಇದ್ದಂಗಿದಾರೆ.’

‘ಮೈ ನೋಡಿ ಹೇಳ್ತಿದೀರೋ, ತಲೆ ನೋಡಿ ಹೇಳ್ತಿದೀರೋ ಸಾಹೇಬ್ರೇ?’ ಎಂದಳು ಕಲ್ಲಿಗುಲ್.

ಮತ್ಯಾಕುಬ್ ಅದಕ್ಕೂ ನಕ್ಕ. ಖೆಗಾಯ್ ನಗಲಿಲ್ಲ. ‘ಸರ್, ಉಪ್ಪು ನೀರು ತಡ್ಕೊಳ್ಳೋನೊಬ್ಬ, ಬಿಸಿ ನೀರು ತಡ್ಕೊಳ್ಳೋನೊಬ್ಬ, ಕಾಯಿಲೆ ಬಂದ್ರೆ ಉಳ್ಕೊಳ್ಳೋನೊಬ್ಬ ಅಂತ ಒಂದು ಸಂಸಾರದಲ್ಲಿ ನಾನಾ ಥರದವರು ಇರಬೇಕು. ನಿಮ್ಮ ಕೊಳದಲ್ಲಿ ಒಬ್ಬನೇ ಸಾವಿರ ಸಲ ಇದಾನೆ. ಒಂದು ರೋಗ ಬರಲಿ, ಸಾವಿರವೂ ಒಟ್ಟಿಗೇ ಹೋಗುತ್ತೆ. ನೀವು ನದಿಗೆ ಸುರೀತಿರೋದು ಮೀನಲ್ಲ ಸರ್, ಬರೀ ಲೆಕ್ಕ.’

‘ಆ ಲೆಕ್ಕ ನೋಡಿಯೇ ರಾಜಧಾನಿಯ ಮೀನು ಸಮಿತಿ ನಮ್ಮನ್ನ ಇಟ್ಕೊಂಡಿರೋದು ತಾಯಿ’ ಎಂದು ಮತ್ಯಾಕುಬ್ ಹೊರಟುಹೋದ.

ಅಂದಿನಿಂದ ಕಲ್ಲಿಗುಲ್‌ಗೆ ಒಂದೇ ಧ್ಯಾನ: ಬೇರೆ ಮನೆಯ ಗಂಡು ಬೇಕು. ಪಂಪ್‌ಮನೆಯವರಿಗೆ, ದೋಣಿಯವರಿಗೆ, ಜೊಂಡು ಕೊಯ್ಯುವವರಿಗೆ ಹೇಳಿಟ್ಟಳು. ಸ್ವಂತ ಮಗಳಿಗೆ ಗಂಡು ಹುಡುಕುವಾಗಲೂ ಅಷ್ಟು ಜನರ ಕಾಲು ಹಿಡಿದಿರಲಿಲ್ಲ ಎಂದು ಓತೆನಿಯಾಜ್ ಹಾಸ್ಯ ಮಾಡಿದ. ಕೊನೆಗೆ ಗಂಡು ಸಿಕ್ಕಿದ್ದು ಅವನ ಕೈಗೇ. ಬೇಸಿಗೆಯ ಕೊನೆಯಲ್ಲಿ, ಮೇಲಿನಿಂದ ನೆರೆ ಬಂದು ಇಳಿದ ಮೇಲೆ, ಪಂಪಿನ ಗುಂಡಿಯ ಕೆಸರಲ್ಲಿ ಮೊಳಕ್ಕೂ ಉದ್ದದ ಸಲಿಕೆಮೂತಿಯೊಂದು ಹೊರಳಾಡುತ್ತಿತ್ತು. ಅದನ್ನು ಒದ್ದೆ ಕಂಬಳಿಯಲ್ಲಿ ಸುತ್ತಿ, ಮೋಟರ್‌ಸೈಕಲ್ಲಿನ ಪಕ್ಕದ ತೊಟ್ಟಿಲಲ್ಲಿ ಮಲಗಿಸಿ, ಮೈಯೆಲ್ಲ ಕೆಸರಾಗಿ ಕೇಂದ್ರದ ಗೇಟಿಗೆ ಬಂದು ಹಾರ್ನ್ ಹೊಡೆದ.

‘ಏ ಕಲ್ಲಿಗುಲ್! ಅಳಿಯನ್ನ ತಂದಿದ್ದೀನಿ, ಬಾಗಿಲು ತೆಗಿ! ಆರತಿಗೀರತಿ ಏನಾದ್ರೂ ಇದೆಯೋ ಇಲ್ವೋ?’

ಕಲ್ಲಿಗುಲ್ ಓಡಿ ಬಂದಳು. ಇಪ್ಪತ್ತು ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಎಲ್ಲರೆದುರು ಗಂಡನ ಕೆನ್ನೆ ತಟ್ಟಿದಳು. ಆ ಮೀನಿನ ಈಜುರೆಕ್ಕೆಯ ಚೂರೂ ಸೀಸೆ ಸೇರಿ ಪ್ರಯೋಗಾಲಯಕ್ಕೆ ಹೋಯಿತು. ಚಳಿಗಾಲವಿಡೀ ಕಾದ ಮೇಲೆ ಬಂದ ಉತ್ತರ ಓದಿ ಖೆಗಾಯ್ ಅವಳನ್ನು ಹಿಡಿದು ಗಿರಗಿರನೆ ತಿರುಗಿಸಿಬಿಟ್ಟಳು. ಗಂಡು ಬೇರೆಯೇ ಮನೆಯದು. ಕೊಳದ ಹೆಣ್ಣುಗಳಿಗೂ ಅದಕ್ಕೂ ಯಾವ ನಂಟೂ ಇಲ್ಲ.

ಕಲ್ಲಿಗುಲ್ ಅದಕ್ಕೆ ತನ್ನ ತವರಿನ ಕುಲದ ಹೆಸರನ್ನೇ ಇಟ್ಟಳು, ಮುಯ್ತೆನ್. ಜೊಂಡಿನ ತಡಿಕೆ ಕಟ್ಟಿ ಅದಕ್ಕೆ ಬೇರೆ ತೊಟ್ಟಿ ಮಾಡಿದಳು, ದೃಷ್ಟಿಗೆಂದು ತಡಿಕೆಗೆ ನೀಲಿ ಮಣಿ ಕಟ್ಟಿದಳು. ಕಲ್ಲಂಗಡಿ ಹೊಲದ ಬದುವಿನಿಂದ ಎರೆಹುಳ, ನದಿಯಿಂದ ಸಣ್ಣ ಮೀನು. ಕೊಳದವಕ್ಕೆ ಒಂದು ಹಿಡಿಯಾದರೆ ಅಳಿಯನಿಗೆ ಎರಡು. ನಮ್ಮಲ್ಲಿ ಮದುವೆಗೆ ಮುಂಚೆ ಅಳಿಯ ಮನೆಗೆ ಬಂದರೆ ಹಾಗೇ ಅಲ್ಲವೇ, ಬೇಡ ಬೇಡವೆಂದರೂ ತುಪ್ಪ ಸುರಿಯುತ್ತಲೇ ಇರುತ್ತಾರೆ. ಖೆಗಾಯ್ ‘ಸಾಕು ಆಪಾ, ಅದಕ್ಕೆ ಅಜೀರ್ಣ ಆಗುತ್ತೆ’ ಎಂದರೂ ಕೇಳಲಿಲ್ಲ. ವಸಂತ ಬರುವ ಹೊತ್ತಿಗೆ ಕೇಂದ್ರದಲ್ಲಿ ಮುಯ್ತೆನ್‌ನಷ್ಟು ದಪ್ಪದ ಸಲಿಕೆಮೂತಿ ಇನ್ನೊಂದಿರಲಿಲ್ಲ.

ನೀರು ಬೆಚ್ಚಗಾಗುತ್ತಿದ್ದಂತೆ ಖೆಗಾಯ್ ದಿನ ಗೊತ್ತುಮಾಡಿದಳು. ಸಂಜೆ ಕೊಳದ ಒಂದು ದೊಡ್ಡ ಹೆಣ್ಣಿಗೂ ಮುಯ್ತೆನ್‌ಗೂ ಸೂಜಿಮದ್ದು ಕೊಟ್ಟಳು. ಅದು ಒಳಗೆ ಕೆಲಸ ಮಾಡಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಹೆಣ್ಣಿನ ತತ್ತಿ, ಗಂಡಿನ ಬೀಜ ಎರಡೂ ಹದಕ್ಕೆ ಬರುತ್ತವೆ. ತತ್ತಿ ಹದಕ್ಕೆ ಬಂದ ಮೇಲೆ ಬಹಳ ಹೊತ್ತು ಕಾಯುವುದಿಲ್ಲ. ಬೀಜ ತಾಗದಿದ್ದರೆ ಒಳಗೇ ಕೆಡುತ್ತದೆ, ಎಷ್ಟೋ ಸಲ ಹೆಣ್ಣೂ ಸಾಯುತ್ತದೆ. ಇದನ್ನೆಲ್ಲ ಖೆಗಾಯ್ ಸಾಹೇಬನ ಮುಂದೆ ಕೂತು ಹೇಳಿದ್ದಳು. ‘ನಾಳೆ ತೊಟ್ಟಿ ಕಡೆ ಯಾರೂ ಬರೋದು ಬೇಡ ಸರ್.’ ಮತ್ಯಾಕುಬ್ ತಲೆಯಾಡಿಸಿದ್ದ. ಅದೇ ನಾಳೆಯೇ ರಾಜಧಾನಿಯಿಂದ ಸಮಿತಿಯ ಐವರು ಬರುವವರಿದ್ದರು, ಅವರಿಗೆ ಯಾವ ಮರದ ಕೆಳಗೆ ಹಾಸುವುದು ಎಂಬ ಯೋಚನೆಯಲ್ಲಿ ಅವನಿದ್ದ.

ಮರುದಿನ ಕಲ್ಲಿಗುಲ್ ಬೆಳಗಿನಿಂದ ಹೆಣ್ಣಿನ ಪಕ್ಕದಿಂದ ಏಳಲೇ ಇಲ್ಲ. ಬಟ್ಟೆಯ ಜೋಲಿಯಲ್ಲಿ ಮಲಗಿದ್ದ ಮೀನಿನ ಮೈಮೇಲೆ ನೀರು ಹನಿಸುತ್ತಿದ್ದಳು. ಸೂರ್ಯ ನೆತ್ತಿಗೆ ಬರುವಾಗ ಖೆಗಾಯ್ ಹೆಬ್ಬೆರಳಿನಿಂದ ಹೊಟ್ಟೆ ಸವರಿ ನೋಡಿದಳು. ಕಪ್ಪು ಸಾಬೂದಾನಿಯಂಥ ತತ್ತಿ ನಾಲ್ಕೈದು ಜಾರಿ ಅಂಗೈಗೆ ಬಿದ್ದವು.

‘ಬಂತು ಆಪಾ! ಓಡಿ, ಮುಯ್ತೆನ್‌ನ ತನ್ನಿ.’

ಕಲ್ಲಿಗುಲ್ ಓಡಿದಳು. ತಡಿಕೆ ಪಕ್ಕಕ್ಕೆ ಸರಿದಿತ್ತು. ದಂಡೆಯ ಮೇಲೆ ಒದ್ದೆ ಬಲೆ. ತೊಟ್ಟಿಯಲ್ಲಿ ನೀರು, ನೀರಿನ ಮೇಲೆ ದಾರ ಕಿತ್ತ ನೀಲಿ ಮಣಿ. ಅವಳು ಕೈ ಹಾಕಿ ತಳವನ್ನೆಲ್ಲ ತಡವಿದಳು. ಆಮೇಲೆ ಮೂಗಿಗೆ ಹತ್ತಿಬೀಜದ ಎಣ್ಣೆ ಕಾದ ವಾಸನೆ ಬಡಿಯಿತು.

ದೊಡ್ಡ ಮರದ ಕೆಳಗೆ ಜಗಲಿಯ ಮೇಲೆ ಅತಿಥಿಗಳು ದಿಂಬಿಗೆ ಒರಗಿದ್ದರು. ಇತ್ತ ಒಲೆಯ ಹತ್ತಿರ ಸಾಹೇಬನ ಡ್ರೈವರ್ ರೆಜೆಪ್ ಅಂಗಿಯ ತೋಳು ಮಡಚಿಕೊಂಡು ಬಾಣಲೆಯಲ್ಲಿ ತುಂಡು ತಿರುವುತ್ತಿದ್ದ. ಪಕ್ಕದ ಹಲಗೆಯ ಮೇಲೆ ಸಲಿಕೆಯಂಥ ಮೂತಿ ಬಿದ್ದಿತ್ತು. ರೆಕ್ಕೆಯಲ್ಲಿ ಖೆಗಾಯ್ ಕತ್ತರಿಸಿದ ಕಚ್ಚು ಇನ್ನೂ ಹಾಗೇ ಇತ್ತು.

‘ಲೇ ರೆಜೆಪ್! ಯಾರೋ ಹೇಳಿದ್ದು ನಿನಗೆ? ಯಾರೋ ಮುಟ್ಟು ಅಂದಿದ್ದು ಇವನ್ನ?’

‘ಕಿರುಚಬೇಡಿ ಆಪಾ, ನೆಂಟರಿದಾರೆ’ ಎಂದು ಅವನು ಪಿಸುಗುಟ್ಟಿದ. ‘ದೊಡ್ಡೋರು ಕೊಳದ ಹತ್ರ ಬಂದು, ಇದರ ರುಚಿ ಹೆಂಗಿರುತ್ತೋ, ನಮ್ಮಜ್ಜ ಬೆಣ್ಣೆ ಅಂತಿದ್ದ ಅಂದ್ರು. ಅತಿಥಿ ಬಾಯಿಬಿಟ್ಟು ಅಂದ ಮೇಲೆ ಸಾಹೇಬ್ರು ಇಲ್ಲ ಅನ್ನೋಕಾಗುತ್ತಾ? ಇರೋದರಲ್ಲಿ ಒಳ್ಳೇದು ಹಿಡಿ ಅಂದ್ರು. ಇದೇ ದಪ್ಪಗಿತ್ತು.’

ಕೇಳಿದಿರಾ? ಮೀನು ಉಳಿಸುವ ಸಮಿತಿ ಮೀನಿನ ರುಚಿ ಕೇಳಿತು! ಅಲ್ಲ ಸ್ವಾಮಿ, ನದಿಯಲ್ಲಿ ಬೊಗಸೆಯಷ್ಟು ಉಳಿದಿರುವ ಜೀವವನ್ನು ಕಾಯುತ್ತೇವೆಂದು ಇಷ್ಟು ದೂರ ಬಂದವರ ಬಾಯಲ್ಲಿ ಬಂದ ಮೊದಲ ಮಾತು ಇದೇ ಆಗಬೇಕೇ? ಇನ್ನು ಆತಿಥ್ಯವೋ, ಅದರ ಹೆಸರಲ್ಲಿ ನಮ್ಮ ಜನ ಏನನ್ನು ಬೇಕಾದರೂ ಕೊಯ್ದುಬಿಡುತ್ತಾರೆ. ಮನೆಯಲ್ಲಿ ಕರೆಯುವ ಹಸು ಒಂದೇ ಇದ್ದರೆ ಅದನ್ನೂ ಕೊಯ್ದು, ಮರುದಿನದಿಂದ ಮಕ್ಕಳಿಗೆ ಕರಿ ಚಹಾ ಕುಡಿಸುತ್ತ ‘ನಮ್ಮ ಮಾನ ಉಳೀತು’ ಎಂದು ಮೀಸೆ ತಿರುವುತ್ತಾರೆ. ಮಾನವಂತೆ ಮಾನ!

 ತಾನು ಎರಡೆರಡು ಹಿಡಿ ಹಾಕಿ ಬೆಳೆಸಿದ ಮೈಯೇ ಅದಕ್ಕೆ ಮುಳುವಾಯಿತಲ್ಲ ಎಂದು ಕಲ್ಲಿಗುಲ್ ಹಣೆ ಚಚ್ಚಿಕೊಂಡಳು. ಅಳುವುದಕ್ಕೆ ಹೊತ್ತಿರಲಿಲ್ಲ. ತೊಟ್ಟಿಮನೆಯಲ್ಲಿ ಹೆಣ್ಣು ತತ್ತಿ ಹಿಡಿದುಕೊಂಡು ಮಲಗಿತ್ತು. ಗಂಡು ಸತ್ತರೂ ಬೀಜ ಕೂಡಲೇ ಸಾಯುವುದಿಲ್ಲ, ನೀರು ಸೋಕಿದರೆ ಎದ್ದು ಓಡಾಡಿ ಕೆಲವೇ ನಿಮಿಷಕ್ಕೆ ಸಾಯುತ್ತದೆ, ಸೋಕದಿದ್ದರೆ ಸಾಕು ಎಂದು ಖೆಗಾಯ್ ಯಾವಾಗಲೋ ಹೇಳಿದ್ದು ನೆನಪಾಯಿತು. ರೆಜೆಪನ ಕೊರಳಪಟ್ಟಿ ಹಿಡಿದಳು.

‘ಒಳಗಿನ ಬೀಜದ ಚೀಲ ಎಲ್ಲಿ? ಬೆಳ್ಳಗೆ, ಎರಡು ಇತ್ತಲ್ಲ, ಅದು? ನಾಯಿಗೆ ಹಾಕಿದೆಯಾ?’

‘ಎಲ್ಲಾದ್ರೂ ಉಂಟೇ! ಗಂಡಸರಿಗೆ ಅದೇ ಅಲ್ವಾ ಮುಖ್ಯ’ ಎಂದು ರೆಜೆಪ್ ಹಲ್ಲುಕಿರಿದ. ‘ದೊಡ್ಡೋರ ಮುಂದಿದೆ. ಹರಸಿ ಕೊಟ್ರೆ ಕೊನೇಲಿ ಹುರೀತೀನಿ.’

‘ತೊಳೆದಿದೀಯಾ? ಉಪ್ಪು ಹಾಕಿದೀಯಾ?’

‘ಒಂದು ತೊಳೆದೆ. ಇನ್ನೊಂದು ಹಾಗೇ ಇದೆ, ಮೇಲೆ ಎಣ್ಣೆ ಕಾಯ್ತಿತ್ತು, ಯಾರು ತೊಳೀತಾರೆ! ಉಪ್ಪು ಇನ್ನೂ ಇಲ್ಲ.’

ರೆಜೆಪನ ಸೋಮಾರಿತನಕ್ಕೆ ಅವನ ಹೆಂಡತಿ ದಿನಾ ಶಾಪ ಹಾಕುತ್ತಿದ್ದಳು. ಅವತ್ತು ಒಂದು ದಿನ ಅದು ಉಪಕಾರಕ್ಕೆ ಬಂತು.

ಜಗಲಿಯ ಮೇಲೆ, ಹಾಸಿನ ನಡುವೆ, ಜೋಳದ ರೊಟ್ಟಿಯ ಪಕ್ಕ ಆ ಬೋಗುಣಿ ಇತ್ತು. ವಿಶೇಷ ತುಂಡನ್ನು ಬೆಂಕಿಗೆ ಹಾಕುವ ಮುನ್ನ ಹಿರಿಯ ಅತಿಥಿಯ ಮುಂದಿಟ್ಟು ಹರಸಿಸಿಕೊಳ್ಳುವುದು ಆ ಕಡೆಯ ಪದ್ಧತಿ. ಸಮಿತಿಯ ಹಿರಿಯ, ಗುಂಡಗೆ ಕೆಂಪಗಿದ್ದ ಮನುಷ್ಯ, ಎರಡೂ ಅಂಗೈ ಮೇಲೆತ್ತಿ ಕಣ್ಣು ಅರೆಮುಚ್ಚಿ ಹರಕೆಯ ಮಾತು ಶುರುಮಾಡಿದ್ದ. ಉಳಿದವರೂ ಅಂಗೈ ಎತ್ತಿದ್ದರು. ಆ ಹೊತ್ತಿನಲ್ಲಿ ಅಲ್ಲಿ ನೊಣವೂ ಹಾರುವುದಿಲ್ಲ.

ಕಲ್ಲಿಗುಲ್ ಕೆರ ಬಿಡದೆ ಹಾಸಿನ ಮೇಲೆ ಕಾಲಿಟ್ಟಳು. ಎತ್ತಿದ ಕೈಗಳ ನಡುವೆ ಕೈ ತೂರಿಸಿ ಬೋಗುಣಿ ಎತ್ತಿಕೊಂಡಳು. ಮತ್ತೆ ಹಾಸಿನ ಮೇಲಿನ ಒಣಬಟ್ಟೆಯನ್ನೂ ಎಳೆದು ಅದರ ಮೇಲೆ ಮುಚ್ಚಿಕೊಂಡಳು, ಒಣದ್ರಾಕ್ಷಿಯೆಲ್ಲ ಚೆಲ್ಲಾಪಿಲ್ಲಿಯಾಯಿತು.

‘ಏಯ್!’ ಮತ್ಯಾಕುಬ್ ಚಂಗನೆ ಎದ್ದ.  ‘ಹುಚ್ಚು ಹಿಡಿದಿದೆಯಾ ನಿನಗೆ? ಅತಿಥಿ ಮುಂದಿನ ತಟ್ಟೆಗೆ ಕೈ ಹಾಕ್ತೀಯಾ? ಕೆಳಗಿಡು! ನನ್ನ ಮಾನ ಕಳೀತಿದೀಯಲ್ಲೇ!’

‘ನಿಮ್ಮ ಮಾನ ಬಾಣಲೆಯಲ್ಲಿ ಬೇಯ್ತಿದೆ ಸಾಹೇಬ್ರೇ, ಹೋಗಿ ತಿರುವಿ ಹಾಕಿ!’ ಎಂದಳು ಕಲ್ಲಿಗುಲ್.  ಹಿರಿಯನ ಕಡೆ ತಿರುಗಿದಳು. ‘ಕೇಳಿ ಸ್ವಾಮಿ. ಈ ಕೇಂದ್ರದಲ್ಲಿರೋ ಅಷ್ಟೂ ಮೀನು ಒಂದೇ ಹೊಟ್ಟೆಯವು, ಒಂದಕ್ಕೊಂದು ಅಣ್ಣ-ತಂಗಿ. ಬೇರೆ ಮನೆಯಿಂದ ಬಂದ ಗಂಡು ಇವನೊಬ್ಬ ಇದ್ದ. ಇವನೊಬ್ಬನೇ! ಇವನಿಗಾಗಿ ಅಲ್ಲಿ ಹೆಣ್ಣು ಜೋಲಿಯಲ್ಲಿ ಮಲಗಿದೆ. ನೀವು ಊರು ಬಿಟ್ಟು ಉಳಿಸೋಕೆ ಅಂತ ಬಂದಿದ್ದು ಇವನನ್ನ. ಬಂದವರೇ ಕೊಯ್ಸಿ ಮುಂದಿಟ್ಕೊಂಡು ಹರಸ್ತಾ ಕೂತಿದೀರಲ್ಲ, ಯಾರಿಗೆ ಹರಕೆ ಅದು? ಎಣ್ಣೆಗಾ?’

 ಹಿರಿಯ ನಿಧಾನವಾಗಿ ಕೈ ಇಳಿಸಿದ. ಅವನು ಏಳುತ್ತಾನೆ, ನಾಚಿಕೆಯಿಂದ ಒಂದು ಮಾತಾದರೂ ಆಡುತ್ತಾನೆ ಎಂದು ಕಲ್ಲಿಗುಲ್ ಕಾದಳು. ಅವನು ಅವಳನ್ನು ನೋಡಿದ, ಬೋಗುಣಿ ನೋಡಿದ, ಕೊನೆಗೆ ಒಲೆಯ ಕಡೆ ನೋಡಿದ.

‘ಆಯ್ತು ತಾಯಿ, ಅದನ್ನ ತಗೊಂಡ್ಹೋಗು, ನಮಗೇನೂ ಬೇಜಾರಿಲ್ಲ’ ಎಂದ ದೊಡ್ಡ ಮನಸ್ಸಿನಿಂದ. ‘ಬಾಣಲೆಯಲ್ಲಿರೋದಂತೂ ಇನ್ನು ಎದ್ದು ಈಜಲ್ಲ. ಏನಪ್ಪಾ ರೆಜೆಪ್, ಸೀದುಹೋಗೋಕೆ ಬಿಡಬೇಡ.’

ಐವರಲ್ಲಿ ಇಬ್ಬರು ನಕ್ಕರು. ಒಬ್ಬನೂ ಎದ್ದು ಹೋಗಲಿಲ್ಲ. ಇದನ್ನು ಹೇಳುವಾಗ ಇವತ್ತಿಗೂ ಮೈ ಉರಿಯುತ್ತದೆ. ಒಬ್ಬ, ಒಬ್ಬನೇ ಒಬ್ಬ, ನನಗೆ ಬೇಡ ಎಂದು ರೊಟ್ಟಿ ಕೆಳಗಿಟ್ಟಿದ್ದರೂ ಸಾಕಾಗಿತ್ತು. ಊರಿನವರ ಬಾಯಲ್ಲಿ ಉಳಿದಿರುವುದು ಕಲ್ಲಿಗುಲ್‌ಳ ಕೆರ, ಚೆಲ್ಲಿದ ಒಣದ್ರಾಕ್ಷಿ. ಆ ಐವರು ಉಂಡದ್ದು ಯಾರ ಬಾಯಲ್ಲೂ ಇಲ್ಲ.

ಕಲ್ಲಿಗುಲ್ ತೊಟ್ಟಿಮನೆಗೆ ಬಂದು ಬಿದ್ದಳು. ಖೆಗಾಯ್ ಬೋಗುಣಿ ನೋಡಿದಳು, ಅವಳ ಮುಖ ನೋಡಿದಳು. ತೊಳೆದ ಚೀಲವನ್ನು ಪಕ್ಕಕ್ಕೆ ಎಸೆದಳು. ತೊಳೆಯದೇ ಇದ್ದುದನ್ನು ಒಣಬಟ್ಟೆಯಲ್ಲಿ ಒರೆಸಿ, ಕತ್ತರಿಸಿ, ತೆಳು ಬಟ್ಟೆಯಲ್ಲಿ ಹಿಂಡಿದಳು. ಹಾಲಿನಂಥದು ಸೀಸೆಗೆ ಇಳಿಯಿತು. ಅದರದೊಂದು ಹನಿಯನ್ನು ಗಾಜಿನ ಮೇಲಿಟ್ಟು, ನೀರು ಸೋಕಿಸಿ, ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟಳು. 

‘ಓಡಾಡ್ತಿವೆ’ ಎಂದಳು ಖೆಗಾಯ್. ‘ಆಪಾ, ಜೀವ ಇದೆ! ಜೋಲಿ ಹಿಡೀರಿ.’

ಹೆಣ್ಣಿನ ಹೊಟ್ಟೆ ಸವರಿ ತತ್ತಿಯನ್ನೆಲ್ಲ ಬೋಗುಣಿಗೆ ಇಳಿಸಿಕೊಂಡರು. ಬೀಜವನ್ನು ನೀರಲ್ಲಿ ಕದಡಿ ಮೇಲೆ ಸುರಿದರು. ಸಲಿಕೆಮೂತಿಯ ತತ್ತಿ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಮುದ್ದೆಯಾದರೆ ಉಸಿರುಕಟ್ಟಿ ಸಾಯುತ್ತದೆ. ಹಾಗಾಗದಂತೆ ಅಮುವಿನ ನುಣ್ಣನೆ ಕೆಸರನ್ನು ನೀರಲ್ಲಿ ಕಲಸಿ ಹಾಕಿ, ಬಾತಿನ ಗರಿಯಿಂದ ಬಿಡದೆ ತಿರುವುತ್ತಿರಬೇಕು. ಕಲ್ಲಿಗುಲ್ ತಿರುವಿದಳು. ಕಣ್ಣೀರು ಬೋಗುಣಿಗೆ ಬೀಳದಂತೆ ಆಗಾಗ ಮುಖ ಭುಜಕ್ಕೆ ಒರೆಸಿಕೊಂಡು ತಿರುವಿದಳು. ಆಮೇಲೆ ತತ್ತಿಗಳನ್ನು ನೀರು ಹರಿಯುವ ಗಾಜಿನ ಜಾಡಿಗಳಿಗೆ ಇಳಿಸಿ, ಬೆಳ್ಳಗಾಗಿ ಕೆಟ್ಟವನ್ನು ಗರಿಯ ತುದಿಯಿಂದ ಒಂದೊಂದಾಗಿ ಹೊರಗೆ ತೆಗೆಯುತ್ತ ಕೂತಳು. ಅರ್ಧಕ್ಕರ್ಧ ಕೆಟ್ಟವು. ಹೊತ್ತು ಪಡುವಣಕ್ಕೆ ವಾಲಿದಾಗ ಖೆಗಾಯ್ ಒಂದು ತತ್ತಿಯನ್ನು ಕೊಳವೆಯ ಕೆಳಗಿಟ್ಟು ನೋಡಿ, ಅವಳನ್ನು ಎಳೆದು ತೋರಿಸಿದಳು. ಉಂಡೆಯ ಮೇಲೆ ನಡುವೆ ಕೂದಲೆಳೆಯಂಥ ಗೆರೆ ಮೂಡಿತ್ತು. ಒಂದು ಎರಡಾಗುತ್ತಿತ್ತು.

‘ಇದು ಅಣ್ಣ-ತಂಗಿ ಮಕ್ಕಳಲ್ಲ, ಅಲ್ವಾ?’ ಎಂದು ಕಲ್ಲಿಗುಲ್ ಮತ್ತೆ ಮತ್ತೆ ಕೇಳಿದಳು.

‘ಅಲ್ಲ ಆಪಾ. ಈ ಕೇಂದ್ರದಲ್ಲಿ ಮೊದಲನೇ ಸಲ.’

ಉಂಡು, ಚಹಾ ಕುಡಿದು, ದಿಂಬಿಗೊರಗಿ ಒಂದು ನಿದ್ದೆ ತೆಗೆದು ಅತಿಥಿಗಳು ಆಗ ಬಂದರು. ಮತ್ಯಾಕುಬ್ ಬಾಗಿಲು ತೆರೆದು, ಏನೂ ಆಗಿಲ್ಲವೆಂಬಂತೆ ‘ಇದೇ ನಮ್ಮ ಮರಿ ಹುಟ್ಟೋ ಜಾಗ’ ಎಂದ. ಟೋಪಿ ಹಾಕಿದವನೊಬ್ಬ ಕ್ಯಾಮೆರಾ ತೆಗೆದ. ಹಿರಿಯ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಜಾಡಿಯ ಮೇಲೆ ಬಗ್ಗಿದ, ಎಣ್ಣೆ ಹೊಳೆಯುತ್ತಿದ್ದ ಬೆರಳನ್ನು ನೀರಿಗೆ ಅದ್ದಲು ಹೋದ. ಕಲ್ಲಿಗುಲ್ ಗರಿ ಹಿಡಿದ ಕೈಯಿಂದಲೇ ಆ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಅವನು ಅದಕ್ಕೂ ಬೇಸರ ಮಾಡಿಕೊಳ್ಳದೆ ಅವಳ ಹೆಗಲ ಮೇಲೆ ಕೈ ಇಟ್ಟ.

‘ಸಿಟ್ಟು ಸಾಕು ಬಿಡು ತಾಯಿ. ಫೋಟೋಗೆ ಒಂಚೂರು ನಗು. ಎಷ್ಟು ಮರಿ ಆಗಬಹುದು, ಹೇಳು ನೋಡೋಣ? ವರದಿಯಲ್ಲಿ ಹಾಕಿಸ್ತೀನಿ.’

ಕಲ್ಲಿಗುಲ್ ಜಾಡಿಯಿಂದ ಕಣ್ಣು ಕೀಳಲಿಲ್ಲ. ಬೆಳ್ಳಗಾದ ಇನ್ನೊಂದು ತತ್ತಿಯನ್ನು ಹುಷಾರಾಗಿ ಹೊರಗೆ ತೆಗೆದಿಟ್ಟಳು.

‘ನಿಮ್ಮ ಹಲ್ಲಿನ ಸಂದಿಯಲ್ಲಿರೋದನ್ನ ಬಿಟ್ಟು ಎಷ್ಟಿದೆಯೋ, ಅಷ್ಟು.’

ಮತ್ಯಾಕುಬ್ ‘ನಾಳೆಯಿಂದ ಈ ಗೇಟಿನ ಒಳಗೆ ಕಾಲಿಡಬೇಡ’ ಎಂದು ಅರಚಿದ. ಅವಳು ಹೂಂ ಎಂದು ಮುಂದಿನ ಜಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.